ಎತ್ತಿಟ್ಟ ಕಲ್ಲು

ತಂಪು ಜಾಗ ಒಂದು ನಿಮಗೆ ಗೊತ್ತಿದೆ ಎಂದುಕೊಳ್ಳಿ. ಅದನ್ನು ನಾಲ್ಕು ಜನಕ್ಕೆ ಹೇಳಬೇಕೋ, ಬಾಯಿ ಮುಚ್ಚಿಕೊಂಡಿರಬೇಕೋ? ಹೇಳಿದರೆ ಜಾಗ ಉಳಿಯುವುದಿಲ್ಲ, ಹೇಳದಿದ್ದರೆ ಜನ ಉಳಿಯುವುದಿಲ್ಲ. ಈ ಗಂಟನ್ನು ಬಿಡಿಸಿದವಳು ತಾನೇ ಎಂದು ಕೊಪ್ಪಳದ ಫಕೀರವ್ವ ನಂಬಿಕೊಂಡಿದ್ದಳು. ಅವಳೊಬ್ಬಳೇ ಏನು, ಸುತ್ತಲಿನ ಮೂರು ಜಿಲ್ಲೆಯ ಜನವೂ ಹಾಗೆಯೇ ನಂಬಿದ್ದರು. ಪಾಪ, ನಂಬದೆ ಅವರಾದರೂ ಏನು ಮಾಡಬೇಕಿತ್ತು?

ಕಾಲ ಎಂಥದ್ದು ಎಂದು ಮೊದಲು ಹೇಳಿಬಿಡುತ್ತೇನೆ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತಿತ್ತಂತೆ, ಹಿಂದೆ. ಈಗ ಸಂಕ್ರಾಂತಿಗೇ ಬೆವರು. ಯುಗಾದಿ ಮುಗಿಯುವಷ್ಟರಲ್ಲಿ ಬಿಸಿಲು ಐವತ್ತರ ಹತ್ತಿರ ಬಂದು ನಿಲ್ಲುತ್ತಿತ್ತು. ಮನೆಮನೆಯಲ್ಲೂ ಏಸಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮಧ್ಯಾಹ್ನ ಎಲ್ಲರೂ ಒಮ್ಮೆಗೇ ಹಚ್ಚಿದರೆ ಕರೆಂಟು ತಾಳುತ್ತದೆಯೇ? ಬೇಕಾದ ಹೊತ್ತಿಗೇ ಕೈಕೊಡುತ್ತಿತ್ತು. ಆಗ ಜನ ಗುಡ್ಡ ಹುಡುಕಿಕೊಂಡು ಹೊರಟರು.

ಆ ಸೀಮೆಯ ಗುಡ್ಡಗಳೆಂದರೆ ಬರೀ ಬಂಡೆಗಳ ರಾಶಿ. ಬಂಡೆ ಬಂಡೆಗಳ ನಡುವೆ ಸಂದು, ಸಂದಿನೊಳಗೆ ಸಂದು. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಮೇಲಿನ ಸಂದುಗಳಿಂದ ಇಳಿದು ಒಳಗಿನ ಕಲ್ಲುಗಳನ್ನೆಲ್ಲ ತಣ್ಣಗೆ ಮಾಡುತ್ತದೆ. ಬೇಸಿಗೆಯಲ್ಲಿ ಆ ಕಲ್ಲುಗಳ ಮೇಲೆ ಹಾದ ಗಾಳಿ ತಂಪಾಗಿ, ತೂಕವಾಗಿ, ಬುಡದ ಸಂದಿನಿಂದ ಮೆಲ್ಲಗೆ ಹೊರಗೆ ಬರುತ್ತದೆ. ಮೇಲಿನಿಂದ ಜೋಳ ತುಂಬಿ ಕೆಳಗಿನ ತೂತಿನಿಂದ ಬೇಕಾದಷ್ಟೇ ತೆಗೆಯುವ ಕಣಜದ ಹಾಗೆ. ಇದಕ್ಕೆ ಹಳ್ಳಿಯವರು ಗುಡ್ಡದ ಉಸಿರು ಎನ್ನುತ್ತಿದ್ದರು. ಹೊರಗೆ ಐವತ್ತಿದ್ದರೆ ಬಾಯಿಯ ಹತ್ತಿರ ಇಪ್ಪತ್ತಾರು, ಇಪ್ಪತ್ತೇಳು. ಆದರೆ ಮನುಷ್ಯನ ಮೈಯೂ ಒಂದು ಒಲೆಯೇ. ಒಂದು ಸಂದಿನಲ್ಲಿ ಏಳೆಂಟು ಜನ ಕೂತರೆ ಗುಡ್ಡ ತಾಳಿಕೊಳ್ಳುತ್ತದೆ, ಎಂಬತ್ತು ಜನ ಕೂತರೆ ಉಸಿರು ಕಟ್ಟುತ್ತದೆ.

ಒಂದು ವರ್ಷ ಯಾವನೋ ಹುಡುಗ ಇಂಥದೊಂದು ಸಂದಿನಲ್ಲಿ ಕಾಲು ಚಾಚಿ ಕೂತ ಫೋಟೋ ತೆಗೆದು, "ಫ್ರಿಜ್ಜಿನಾಗ ಕುಂತಂಗ ಆಗೈತಿ ದೋಸ್ತ, ಎಲ್ಲಾರೂ ಬರ್ರಿ" ಎಂದು ಹಾದಿಯ ಸಮೇತ ಊರಿಗೆಲ್ಲ ಹಂಚಿದ. ಒಳ್ಳೆಯ ಮನಸ್ಸಿನಿಂದಲೇ ಹಂಚಿದ್ದ. ಮರುದಿನ ಮೂರು ಸಾವಿರ ಜನ. ನೆರಳಿಲ್ಲದ ಬಯಲಲ್ಲಿ ಸಾಲು ನಿಂತವರು ನಿಂತಲ್ಲೇ ಬಿದ್ದರು, ಒಳಗೆ ಹೊಕ್ಕವರು ಬೆಂದರು. ಆಮೇಲೆ ತಿಂಗಳುಗಟ್ಟಲೆ ಒಂದೇ ಜಗಳ. ಜಾಗ ಬಚ್ಚಿಡಬೇಕು ಎನ್ನುವವರು ಕೆಲವರು. ಬಚ್ಚಿಟ್ಟರೆ ಗೊತ್ತಿದ್ದವರಷ್ಟೇ ಬದುಕಬೇಕೇನು ಎಂದು ಕೇಳುವವರು ಹಲವರು.

ಫಕೀರವ್ವ ಹುಡುಕಿದ್ದು ನಡುವಿನ ಹಾದಿ. ಅದು ಅವಳ ತವರು ಕರೇಕಲ್ದಿನ್ನಿಯ ಪದ್ಧತಿ. ಊರ ಹಿಂದಿನ ಗುಡ್ಡದಲ್ಲಿ ಒಂದು ಉಸಿರು ಬಾಯಿ ಇತ್ತು, ಅದಕ್ಕೆ ಅರ್ಧ ಅಡ್ಡವಾಗಿ ಒಂದು ದೊಡ್ಡ ಬಂಡೆ. ಒಳಗೆ ಹೋಗುವವರು ಬಾಯಿಯ ಬಳಿ ಒಂದೊಂದು ಕಲ್ಲು ಇಟ್ಟು ಹೋಗಬೇಕು, ಬರುವಾಗ ತೆಗೆಯಬೇಕು. ಏಳು ಕಲ್ಲು ಕಂಡರೆ ಎಂಟನೆಯವರು ತುಟಿಪಿಟಕ್ಕೆನ್ನದೆ ಹಿಂದಿರುಗಬೇಕು. ಅವಳು ಇದನ್ನೇ ಯಂತ್ರಕ್ಕೆ ಕಲಿಸಿದಳು. ಅದಕ್ಕೆ "ಪಾಳಿ" ಎಂದು ಹೆಸರಾಯಿತು. ಯಾರು ಯಾವ ಜಾಗದ ಫೋಟೋ ಬೇಕಾದರೂ ಹಾಕಲಿ, ಪಾಳಿ ಅದನ್ನು ಅಳಿಸುವುದಿಲ್ಲ. ಆದರೆ ಆ ಫೋಟೋ, ಆ ಹಾದಿ ಕಾಣುವುದು ಅಲ್ಲಿ ಎಷ್ಟು ಕಲ್ಲು ಖಾಲಿ ಇವೆಯೋ ಅಷ್ಟೇ ಫೋನುಗಳಿಗೆ. ಇವತ್ತು ನಿಮಗೆ ಒಂದು ಗುಡ್ಡ, ನಿಮ್ಮ ನೆರೆಯವರಿಗೆ ಇನ್ನೊಂದು, ನಾಳೆ ಬೇರೆ ಯಾರಿಗೋ. ಜಗಳವಿಲ್ಲ, ನೂಕುನುಗ್ಗಲಿಲ್ಲ. ಸರ್ಕಾರ ಕೊಪ್ಪಳದ ಹೊರಗೆ ಒಂದು ಕೇಂದ್ರ ಕಟ್ಟಿಸಿ ಅವಳನ್ನು ಅದರ ಮುಖ್ಯ ಎಂಜಿನಿಯರ್ ಮಾಡಿತು.

ಆದರೆ ಒಂದು ಮಾತು. ಪದ್ಧತಿಯನ್ನು ಕೊಟ್ಟ ಕರೇಕಲ್ದಿನ್ನಿಯನ್ನೇ ಅವಳು ಪಾಳಿಗೆ ಸೇರಿಸಿರಲಿಲ್ಲ.

ಯಾಕೆಂದರೆ ಹುಲಿಗಿ. ಫಕೀರವ್ವನ ಎಂಟು ವರ್ಷದ ಮಗಳು ಹುಲಿಗೆಮ್ಮ. ಆ ಮಗುವಿಗೆ ಹುಟ್ಟಿನಿಂದಲೇ ಬೆವರು ಬರುವುದಿಲ್ಲ. ಬಾಯಲ್ಲಿ ಹಲ್ಲು ಅಲ್ಲೊಂದು ಇಲ್ಲೊಂದು, ತಲೆಯಲ್ಲಿ ಕೂದಲು ತೆಳು, ಮಾತು ಮಾತ್ರ ಅರಳು ಹುರಿದಂತೆ. ಬೆವರದ ಮೈ ಕಾದರೆ ಇಳಿಯುವುದಿಲ್ಲ, ಒಳಗೊಳಗೇ ಏರುತ್ತದೆ. ಗಂಡ ಯಮನೂರಪ್ಪ ಕಲ್ಲು ಒಡೆಯುವವನು, ಆಳು ಗಟ್ಟಿ, ಮನಸ್ಸು ಬೆಣ್ಣೆ. ಬೇಸಿಗೆ ಪೂರ್ತಿ ಬೆಳಗಿನ ತಂಪಿನಲ್ಲೇ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕರೇಕಲ್ದಿನ್ನಿಗೆ ಹೋಗುವುದು, ಸಂಜೆ ಕರೆತರುವುದು ಅವನ ಕೆಲಸ. ಊರಲ್ಲಿ ಉಳಿದಿದ್ದ ಹತ್ತಾರು ಮನೆಯವರು ಆ ಮಗುವಿಗೆ ಎಂದೂ ಕಲ್ಲು ತಪ್ಪಿಸಿದವರಲ್ಲ.

ಹೀಗಿರುವಾಗ ಒಂದು ದಿನ ಕೇಂದ್ರದಲ್ಲಿ ಖಾಜಾಹುಸೇನ ಕುರ್ಚಿ ಸಮೇತ ಅವಳ ಕಡೆ ಉರುಳಿಕೊಂಡು ಬಂದ. ಹೊಸ ಜಾಗಗಳನ್ನು ನೋಂದಾಯಿಸುವುದು ಅವನ ಪಾಲಿನ ಕೆಲಸ.

"ಅಕ್ಕಾರ, ಹೊಸಾದೊಂದು ಬಂದೈತಿ ನೋಡ್ರಿ. ಯಾರೋ ಊರೂರು ತಿರುಗಾವ ಹಾಕ್ಯಾನ. ಕರೇಕಲ್ದಿನ್ನಿ ಅಂತ. ಎಲ್ಲಿ ಬರ್ತೈತ್ರಿ ಇದು?"

ಫಕೀರವ್ವ ತಲೆಯೆತ್ತಿ ನೋಡಿದಳು. ಪರದೆಯ ಮೇಲೆ ಅದೇ ಬಾಯಿ. ಅವಳವ್ವ ಕಟ್ಟುತ್ತಿದ್ದ ಹಾಗೆಯೇ ಈಗಲೂ ಯಾರೋ ಕಟ್ಟಿದ ಕೆಂಪು ದಾರ, ಗುಡ್ಡದ ಉಸಿರಿಗೆ ಹೊರಮುಖವಾಗಿ ಹಾರುತ್ತಿದೆ. ಕೆಳಗೆ ಸಾಲಾಗಿ ಏಳು ಕಲ್ಲು. ಅದರಲ್ಲಿ ಒಂದು ಬಿಳಿಯದು, ಗುಂಡಗಿನದು. ಅದು ಹುಲಿಗಿಯ ಕಲ್ಲು.

"ನನ್ನ ತವರು" ಎಂದಳು ಫಕೀರವ್ವ.

"ಅಯ್ಯ! ಮತ್ತ ನಮ್ಮ ಪಟ್ಟಿಯೊಳಗ ಯಾಕ ಇಲ್ರಿ?"

ಅವಳು ನೋಂದಣಿಯ ಪುಟ ತೆರೆದಳು. ಖಾಜಾ ಬುದ್ಧಿವಂತ, ಎರಡನೆಯ ಸಲ ಕೇಳಲಿಲ್ಲ. ಸೇರಿಸದೆ ಬಿಡುವಂತಿರಲಿಲ್ಲ. ಪಾಳಿಗೆ ಸೇರದ ಜಾಗದ ಫೋಟೋ ಹಾದಿ ಸಮೇತ ಎಲ್ಲರಿಗೂ ಕಾಣುತ್ತದೆ, ನಾಳೆಯೇ ಮೂರು ಸಾವಿರ ಜನ. ಅದೇ ವಾರ ಹುಡುಗರು ಹೋಗಿ ಬಾಯಿಯ ಬಳಿ ಶಾಖ ಅಳೆಯುವ, ಗಾಳಿಯ ಓಟ ಅಳೆಯುವ ಯಂತ್ರ ಕೂರಿಸಿ ಬಂದರು. ಕರೇಕಲ್ದಿನ್ನಿ, ಏಳು ಕಲ್ಲು ಎಂದು ಫಕೀರವ್ವ ತನ್ನ ಕೈಯಿಂದಲೇ ತುಂಬಿದಳು. ಮಗಳ ಹೆಸರನ್ನು ಎಲ್ಲರ ಹಾಗೆ ಸಾಮಾನ್ಯ ಸರದಿಯಲ್ಲಿ ಬರೆಸಿದಳು. ಊರವರಿಗೂ ಅದೇ ಸರದಿ. ಹುಲಿಗಿಯ ಪಾಳಿ ಬರಲು ಇಪ್ಪತ್ತು ದಿನವೋ ತಿಂಗಳೋ ಬೇಕು ಎಂದು ಯಂತ್ರ ಹೇಳಿತು. ಹುಲಿಗಿಯಂಥವರು, ಹುಲಿಗಿಗಿಂತ ಕಡೆಯಾದವರು ಸಾಲಿನಲ್ಲಿ ಸಾವಿರಾರು ಮಂದಿ ಇದ್ದರು.

ನ್ಯಾಯ ಎಂದರೆ ಹಾಗೇ. ಸಾಲಿನಲ್ಲಿ ನಿಂತಾಗಲೇ ಅದರ ಭಾರ ಗೊತ್ತಾಗುವುದು.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಮನೆಗೆ ಬಂದಾಗ ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಯಮನೂರಪ್ಪ ಮಗಳನ್ನು ಒದ್ದೆ ಚಾದರದಲ್ಲಿ ಸುತ್ತಿ, ಬಚ್ಚಲ ನೆಲದ ಮೇಲೆ ಮಲಗಿಸಿ, ರಟ್ಟಿನಿಂದ ಗಾಳಿ ಹಾಕುತ್ತಿದ್ದ. ನೀರೂ ಬಿಸಿಯಾಗಿತ್ತು. ಮಗುವಿನ ಕಣ್ಣು ಅರ್ಧ ಮುಚ್ಚಿದ್ದವು, ಮೈ ಕಾದ ಹಂಚು.

"ಯವ್ವಾ, ನನ್ ಬಿಳೀ ಕಲ್ಲು ಯಾರು ತಗೊಂಡ್ರು?" ಎಂದಿತು ಮಗು.

"ಯಾರೂ ತಗೊಂಡಿಲ್ಲ ಕೂಸ, ಅಲ್ಲೇ ಐತಿ."

"ಮತ್ತ ನಾವ್ಯಾಕ ಹೋಗವಲ್ಲಿವಿ?"

ಫಕೀರವ್ವ ಮೊಂಡು ಹೆಂಗಸು, ಕಣ್ಣೀರು ಸುಲಭಕ್ಕೆ ಬರುವುದಿಲ್ಲ. ಅವತ್ತು ಗೋಡೆಯ ಕಡೆ ತಿರುಗಿಕೊಂಡಳು. ಯಮನೂರಪ್ಪ ರಟ್ಟು ಬೀಸುವುದು ನಿಲ್ಲಿಸದೆ, ಅವಳ ಮುಖ ನೋಡದೆ ಕೇಳಿದ:

"ನಿಮ್ಮವ್ವ ಎತ್ತಿಟ್ಟ ಕಲ್ಲು ಅಂತಿದ್ಲಲ್ಲ, ನೆನಪೈತೇನು?"

ನೆನಪಿಲ್ಲದೆ ಏನು. ಕರೇಕಲ್ದಿನ್ನಿಯಲ್ಲಿ ಬಸುರಿಗೆ, ಬಾಣಂತಿಗೆ, ಜ್ವರ ಬಂದ ಕೂಸಿಗೆ ಒಂದು ಕಲ್ಲನ್ನು ಸಾಲಿನಿಂದ ಆಚೆ ಎತ್ತಿಡುತ್ತಿದ್ದರು. ಆ ಕಲ್ಲಿನವರು ಯಾವಾಗ ಬಂದರೂ ಒಳಗಿದ್ದ ಏಳು ಮಂದಿಯಲ್ಲಿ ಒಬ್ಬರು ಹೇಳಿಸಿಕೊಳ್ಳದೆ ಎದ್ದು ಹೊರಗೆ ಬರುತ್ತಿದ್ದರು. ಯಾರು ಏಳಬೇಕು ಎಂದು ಯಾರೂ ಹೇಳಿದ್ದಿಲ್ಲ. ಆದರೂ ಯಾರೋ ಒಬ್ಬರು ಏಳದೆ ಇದ್ದದ್ದೂ ಇಲ್ಲ.

"ಅದನ್ನ ಯಂತ್ರದಾಗ ಇಡಾಕ ಬರಂಗಿಲ್ಲೇನು?" ಎಂದ ಯಮನೂರಪ್ಪ.

"ಬರ್ತೈತಿ" ಎಂದಳು ಫಕೀರವ್ವ. ಗೋಡೆಯ ಕಡೆಯಿಂದ ತಿರುಗಲಿಲ್ಲ.

ಮರುದಿನ ಎತ್ತಿಟ್ಟಳು. ಕೆಲಸ ಕಷ್ಟದ್ದೇನಲ್ಲ, ಯಂತ್ರದೊಳಗೆ ಬರೆಯಬೇಕಾದದ್ದು ಹತ್ತು ಸಾಲು. ಕರೇಕಲ್ದಿನ್ನಿಯ ಏಳು ಕಲ್ಲಿನ ಆಚೆ ಒಂದು ಕಲ್ಲು, ಹುಲಿಗೆಮ್ಮನ ಹೆಸರಿನದು, ಯಾವ ದಿನ ಬೇಕಾದರೂ ಹೋಗಬಹುದು. ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದು ಬರೆದಳು. ಯಾಕೆ ಹಿಡಿಯಬೇಕು? ಆ ಕಲ್ಲಿನವರು ಬಂದರೆ ಒಳಗಿನವರೊಬ್ಬರು ಏಳುತ್ತಾರೆ, ಲೆಕ್ಕ ಏಳಕ್ಕೇ ನಿಲ್ಲುತ್ತದೆ. ಇಂಥ ಲೆಕ್ಕವನ್ನು ಬೇರೆ ಊರಿನ ಎಂಜಿನಿಯರ್ ಯಾವನೂ ಹಾಕುತ್ತಿರಲಿಲ್ಲ. ಯಾರೋ ಎದ್ದೇ ಏಳುತ್ತಾರೆ ಎಂಬ ಭರವಸೆಯಲ್ಲಿ ಬೆಳೆದವಳು ಮಾತ್ರ ಹಾಕಬಲ್ಲ ಲೆಕ್ಕ ಅದು.

ಕೆಲವು ದಿನ ಎಲ್ಲ ಸುಸೂತ್ರ. ಹುಲಿಗಿ ಹೋಗುತ್ತಿದ್ದಳು, ತನ್ನ ಬಿಳಿ ಕಲ್ಲನ್ನು ಸಾಲಿನಿಂದ ಸ್ವಲ್ಪ ದೂರದಲ್ಲಿ ಇಡುತ್ತಿದ್ದಳು. ದೂರದೂರದಿಂದ ಪಾಳಿ ಹಿಡಿದು ಬಂದವರು ಮಗುವಿನ ಮುಖ ನೋಡಿ ಸರಿದು ಜಾಗ ಮಾಡುತ್ತಿದ್ದರು. ಏಳುತ್ತಿರಲಿಲ್ಲ, ಸರಿಯುತ್ತಿದ್ದರು. ಏಳು ಹೋಗಿ ಎಂಟಾಗಿತ್ತು, ಗುಡ್ಡ ಅಷ್ಟನ್ನು ನುಂಗಿಕೊಂಡಿತು. ಯಮನೂರಪ್ಪ ಇದನ್ನು ಹೆಂಡತಿಗೆ ಹೇಳುವಷ್ಟು ದೊಡ್ಡ ಸಂಗತಿ ಎಂದು ತಿಳಿಯಲಿಲ್ಲ.

ಆಮೇಲೆ ಖಾಜಾಹುಸೇನನಿಗೆ ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೇ, ದಿನಾ ಅದೇ ಪರದೆ ನೋಡುವವನು.

"ಅಕ್ಕಾರ, ಏಳರ ಹೊರಗ ಇದೇನ್ರಿ ಒಂದು?"

ಫಕೀರವ್ವ ಇದ್ದದ್ದು ಇದ್ದ ಹಾಗೆ ಹೇಳಿದಳು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ ಎಂದು ಬಯ್ಯುತ್ತಾನೆ, ಮೇಲಿನವರಿಗೆ ಹೇಳುತ್ತಾನೆ ಎಂದುಕೊಂಡಿದ್ದಳು. ಅವನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ, "ನಮ್ಮಾಕಿಗೆ ಎಂಟು ತಿಂಗಳು ತುಂಬ್ಯಾವ್ರಿ ಅಕ್ಕಾರ. ಮೊದಲಿಂದು ಹೋದ ಬ್ಯಾಸಿಗ್ಯಾಗ ಬಿಸಲಿಗೇ ಹೋತು" ಎಂದ. ಕೊಡಿ ಎಂದೂ ಕೇಳಲಿಲ್ಲ.

ಕೇಳದವನಿಗೆ ಇಲ್ಲವೆನ್ನುವುದು ಹೇಗೆ? ಇನ್ನೊಂದು ಕಲ್ಲು ಎತ್ತಿಟ್ಟಳು.

ಗುಟ್ಟು ಮೂರನೆಯ ಬಾಯಿಗೆ ಬಿದ್ದರೆ ರಟ್ಟು. ಬಾಗಿಲು ಕಾಯುವವನ ಅಪ್ಪನಿಗೆ ದಮ್ಮು. ಚಹಾ ತರುವ ದುರಗವ್ವನ ಮೊಮ್ಮಗು ಏಳು ತಿಂಗಳಿಗೇ ಹುಟ್ಟಿದ್ದು. ಕೆಲವರು ಫಕೀರವ್ವನನ್ನು ಕೇಳಿದರು, ಕೆಲವರು ಖಾಜಾನನ್ನು. ಇವರಲ್ಲಿ ಒಬ್ಬರಾದರೂ ಮೋಜಿಗೆ ಕೇಳಿದ್ದರೆ ನನಗೂ ಕತೆ ಹೇಳುವುದು ಹಗುರವಾಗುತ್ತಿತ್ತು, ನಾಲ್ಕು ಬೈದು ಮುಗಿಸುತ್ತಿದ್ದೆ. ಆದರೆ ಕೇಳಿದವರೆಲ್ಲ ಕೇಳಲೇಬೇಕಾದವರು. ಹನಿಹನಿಗೂಡಿ ಹಳ್ಳವಾಯಿತು. ಎತ್ತಿಟ್ಟ ಕಲ್ಲು ನಲವತ್ತು ದಾಟಿದವು, ಯಂತ್ರದ ಲೆಕ್ಕದಲ್ಲಿ ಮಾತ್ರ ಕರೇಕಲ್ದಿನ್ನಿ ಏಳೇ ಕಲ್ಲಿನ ಜಾಗ. ದಿನಕ್ಕೆ ಒಬ್ಬರೋ ಇಬ್ಬರೋ ಹೋಗುತ್ತಿದ್ದರಿಂದ ಯಾರಿಗೂ ಅದು ತಟ್ಟಲಿಲ್ಲ.

ತಟ್ಟಿದ್ದು ಐವತ್ತೊಂದು ಡಿಗ್ರಿಯ ದಿನ. ಅವತ್ತು ಬೆಳಗಿನಲ್ಲೇ ಮೂರೂ ಜಿಲ್ಲೆಯ ಕರೆಂಟು ಹೋಯಿತು, ಸಂಜೆಯವರೆಗೆ ಬರುವುದಿಲ್ಲ ಎಂದೂ ಹೇಳಿಬಿಟ್ಟರು. ಎತ್ತಿಟ್ಟ ಕಲ್ಲು ಇದ್ದವರಿಗೆಲ್ಲ ಒಂದೇ ಯೋಚನೆ ಬಂತು. ಇಂಥ ದಿನಕ್ಕೆ ಅಲ್ಲದೆ ಮತ್ತೆ ಯಾವ ದಿನಕ್ಕೆ ಎತ್ತಿಟ್ಟಿದ್ದು?

ಕೇಂದ್ರ ತನ್ನದೇ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದೊಂದೇ ಗುಡ್ಡದ ಉಸಿರು ತಗ್ಗುತ್ತ ಬಂದು ಪರದೆಯ ಮೇಲೆ ಹಳದಿ, ಕೆಂಪು ಬೆಳಕುಗಳು ಹೊತ್ತಿಕೊಳ್ಳುತ್ತಿದ್ದವು. ಆಗ ಯಾರೋ ಕೂಗಿದರು:

"ಇಲ್ಲಿ ನೋಡ್ರಿ! ಕರೇಕಲ್ದಿನ್ನಿ ಜೋರಾಗಿ ಉಸರಾಡಾಕತ್ತೈತಿ!"

ನಿಜವೇ. ಅಲ್ಲಿ ಗಾಳಿಯ ಓಟ ಎರಡು ಪಟ್ಟು, ನೋಡನೋಡುತ್ತಿದ್ದಂತೆ ಮೂರು ಪಟ್ಟು. ಶಾಖ ಇಪ್ಪತ್ತೈದಕ್ಕೆ ಇಳಿದಿತ್ತು. ಕೋಣೆಯಲ್ಲಿದ್ದವರು ಚಪ್ಪಾಳೆ ಹೊಡೆದರು. ಯಂತ್ರಕ್ಕೂ ಖುಷಿಯಾಯಿತೋ ಏನೋ. ಗಾಳಿ ಹೆಚ್ಚಾದರೆ ಜಾಗ ಹೆಚ್ಚು ಜನರನ್ನು ತಾಳುತ್ತದೆ ಎಂದೇ ಅದಕ್ಕೆ ಕಲಿಸಿದ್ದರು. ಅದು ಕರೇಕಲ್ದಿನ್ನಿಯ ಏಳು ಕಲ್ಲನ್ನು ಮೂವತ್ತು ಮಾಡಿತು. ಆ ಕ್ಷಣವೇ ಹೊಸ ಫೋನುಗಳಲ್ಲಿ ಹಾದಿ ಕಾಣಿಸಿತು.

ಫಕೀರವ್ವ ಚಪ್ಪಾಳೆ ಹೊಡೆಯಲಿಲ್ಲ. ಇಂಥ ಬಿಸಿಲಲ್ಲಿ ಗುಡ್ಡ ಯಾಕೆ ಜೋರಾಗಿ ಉಸಿರಾಡುತ್ತದೆ? ಗಂಡನಿಗೆ ಫೋನು ಹಚ್ಚಿದಳು. ಆಚೆ ಕಡೆ ಜಾತ್ರೆಯ ಹಾಗೆ ಗದ್ದಲ.

"ಏನ್ರೀ, ಏನಾಗೈತಿ ಅಲ್ಲಿ?"

"ಏನೂ ಆಗಿಲ್ಲ, ಛಲೋ ಆಗೈತಿ!" ಯಮನೂರಪ್ಪನ ದನಿಯಲ್ಲಿ ಹಿಗ್ಗು. "ಮಂದಿ ಭಾಳ ಬಂದಿದ್ರು. ನಿಮ್ಮ ಖಾಜಾನ ಹೆಣ್ತಿ, ಪಾಪ, ತುಂಬಿದ ಬಸುರಿ, ಬಿಸಲಾಗ ನಿಂತಿದ್ಲು. ಒಳಗಿನವ್ರನ್ನ ಏಳ್ರಿ ಅಂತ ಹ್ಯಾಂಗ ಅನ್ಲಿ? ಅವ್ರೂ ಜಡ್ಡಿನವ್ರ. ಅದಕ್ಕ ಕಲ್ಲೊಡಿಯೋ ಹಾರಿ ಹಚ್ಚಿ ಬಾಯಾಗ ಅಡ್ಡ ಇದ್ದ ಬಂಡಿಗಲ್ಲು ಕೆಳಗ ಉರುಳಿಸೀನಿ. ಎಲ್ಲಾರಿಗೂ ಜಾಗ ಆಗೈತಿ. ಗಾಳಿ ಅಂದ್ರ ಏನ್ ಗಾಳಿ ಅಂತಿ ಫಕೀರಿ! ಹುಲಿಗಿ ಕುಣ್ಯಾಕತ್ತಾಳ."

ಫಕೀರವ್ವ ಫೋನು ಇಟ್ಟಳು. ಗುಡ್ಡ ಜೋರಾಗಿ ಉಸಿರಾಡುತ್ತಿರಲಿಲ್ಲ. ಕಣಜದ ಬುಡವನ್ನೇ ಒಡೆದಾಗಿತ್ತು. ಒಂದು ಚಳಿಗಾಲದ ಉದ್ದಕ್ಕೂ ಕೂಡಿಟ್ಟದ್ದು, ಇನ್ನೂ ಎರಡು ತಿಂಗಳ ಬೇಸಿಗೆಗೆ ಹನಿಹನಿಯಾಗಿ ಬರಬೇಕಾದದ್ದು ಒಂದೇ ಮಧ್ಯಾಹ್ನ ಸುರಿದುಹೋಗುತ್ತಿತ್ತು. ಅದು ಮತ್ತೆ ತುಂಬಲು ಚಳಿ ಬೇಕು. ಈಗೀಗ ಚಳಿಗಾಲಕ್ಕೆ ಚಳಿ ಎಲ್ಲಿತ್ತು?

ಕೇಂದ್ರದ ಮುಖ್ಯಸ್ಥರಾದ ಶರಭಯ್ಯನವರ ಕೋಣೆಗೆ ಓಡಿದಳು. ಹೊಸಬರನ್ನು ಕಳಿಸುವುದನ್ನು ನಿಲ್ಲಿಸಬೇಕು, ಈಗಲೇ ನಿಲ್ಲಿಸಬೇಕು ಎಂದಳು. ಅವರು ಪರದೆಯತ್ತ ಬೆರಳು ತೋರಿದರು.

"ಇವತ್ತಿನಂಥಾ ದಿನ, ನಮ್ಮ ಕೈಯಾಗ ಇರೂದು ಇದೊಂದ ಹಸರು ದೀಪ. ಇದನ್ನ ಆರಿಸಂತೀಯೇನವ್ವಾ?"

"ಸಾಹೇಬ್ರ, ಲೆಕ್ಕ ತಪ್ಪೈತ್ರಿ. ಅಲ್ಲಿ ಏಳು ಮಂದಿ ಇಲ್ಲ. ನಾನು ಲೆಕ್ಕದ ಹೊರಗ ಕಲ್ಲು ಎತ್ತಿಟ್ಟೀನ್ರಿ. ಒಂದಲ್ಲ, ನಲವತ್ತು. ತಪ್ಪು ನಂದು."

ಹೇಳಿಬಿಟ್ಟೆ ಎಂಬ ಸಮಾಧಾನ ಕೂಡ ಅವಳಿಗೆ ಸಿಗಲಿಲ್ಲ. ಶರಭಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳ ಮುಖ ನೋಡಲಿಲ್ಲ.

"ಗೊತ್ತೈತವ್ವಾ. ಅದರಾಗ ಒಂದು ನಮ್ಮ ತಾಯೀದು. ಖಾಜಾ ಮಾಡಿಕೊಟ್ಟ. ಮುಂಜಾನೆ ಆಕೀನ್ನ ಅಲ್ಲೇ ಬಿಟ್ಟು ಬಂದೀನಿ. ಈಗ ನಿಲ್ಲಿಸಿದ್ರ ಹಾದ್ಯಾಗ ಇದ್ದವ್ರು ಎಲ್ಲಿಗೆ ಹೋಗಬೇಕು ಹೇಳು?"

ಫಕೀರವ್ವ ಅಲ್ಲಿಂದ ಹೊರಬಿದ್ದಳು. ಕೇಂದ್ರದ ಜೀಪು ಹತ್ತಿ ಕರೇಕಲ್ದಿನ್ನಿಗೆ ಹೊರಟಳು. ಹಾದಿಯುದ್ದಕ್ಕೂ ಜನ. ಬೈಕಿನಲ್ಲಿ, ಟಂಟಂನಲ್ಲಿ, ತಲೆಗೆ ಒದ್ದೆ ಟವೆಲು ಸುತ್ತಿ ನಡೆದು. ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ಅದೇ ಫೋಟೋ, ಕೆಂಪು ದಾರ ಮತ್ತು ಏಳು ಕಲ್ಲು.

ಗುಡ್ಡದ ಬುಡದಲ್ಲಿ ಅವಳು ಕಂಡದ್ದು ನೂಕುನುಗ್ಗಲಲ್ಲ. ಅದಾಗಿದ್ದರೆ ಕೂಗಾಡಿ ಚದುರಿಸಬಹುದಿತ್ತು. ಜನ ಶಿಸ್ತಾಗಿ ಕೂತಿದ್ದರು. ಬಂದವರೆಲ್ಲ ಪದ್ಧತಿ ಕೇಳಿ ತಿಳಿದುಕೊಂಡು ಒಂದೊಂದು ಕಲ್ಲು ಇಟ್ಟಿದ್ದರು. ಕಲ್ಲಿನ ರಾಶಿ ಮೊಣಕಾಲೆತ್ತರ ಬೆಳೆದಿತ್ತು. ಬಾಯಿ ಇದ್ದಲ್ಲಿ ಬಾಗಿಲಿನಷ್ಟು ಅಗಲದ ತೆರಪು. ಅದರಿಂದ ಹೊಳೆ ಹರಿದ ಹಾಗೆ ತಂಪು ಹರಿದು ಬರುತ್ತಿತ್ತು. ಮುದುಕರು ಕಣ್ಣು ಮುಚ್ಚಿ ಕೂತಿದ್ದರು. ಖಾಜಾನ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿದ್ದೆ ಹೋಗಿದ್ದಳು. ಶರಭಯ್ಯನವರ ತಾಯಿ ಸಿಕ್ಕಸಿಕ್ಕವರಿಗೆಲ್ಲ, "ಆ ಕಲ್ಲೊಡ್ಯಾಂವಗ ದೇವರು ಒಳ್ಳೇದು ಮಾಡ್ಲಿ" ಎನ್ನುತ್ತಿದ್ದರು.

ಹುಲಿಗಿ ಓಡಿ ಬಂದು ತಾಯಿಯ ಸೊಂಟ ತಬ್ಬಿಕೊಂಡಳು. ಮೈ ತಣ್ಣಗಿತ್ತು. ಅಷ್ಟೊಂದು ಮಕ್ಕಳ ಜೊತೆ ಅವಳು ಜನ್ಮದಲ್ಲಿ ಆಡಿರಲಿಲ್ಲ.

"ಯವ್ವಾ, ಅಪ್ಪ ಎಷ್ಟು ದೊಡ್ಡ ಬಂಡಿಗಲ್ಲು ಉರುಳಿಸಿದ ನೋಡಿಲ್ಲಿ! ನಂಗ ಐದು ಮಂದಿ ಗೆಳತೇರು ಆಗ್ಯಾರ!"

ಯಮನೂರಪ್ಪ ಹಾರೆಗೆ ಆನಿಕೊಂಡು ನಿಂತಿದ್ದ. ಹೆಂಡತಿ ಶಹಬ್ಬಾಸ್ ಎನ್ನುತ್ತಾಳೆ ಎಂದು ಕಾದಿದ್ದ. ಅವಳ ಮುಖ ನೋಡಿದ ಮೇಲೆ ನಗು ಮೆಲ್ಲಗೆ ಇಳಿಯಿತು. ಅವಳು ಅವನೊಬ್ಬನಿಗೇ ಕೇಳುವ ಹಾಗೆ, ಸಣ್ಣ ದನಿಯಲ್ಲಿ ಎಲ್ಲ ಹೇಳಿದಳು. ಅವನು ಕೆಳಗೆ ಉರುಳಿದ ಬಂಡೆಯನ್ನು ನೋಡಿದ. ಆಮೇಲೆ ಬಾಯಿಯನ್ನು ನೋಡಿದ.

"ಮತ್ತ ಎತ್ತಿ ಹಚ್ಚಲೇನು?"

"ಎತ್ತಾಕ ಆಗ್ತೈತೇನ್ರಿ?"

"ಉರುಳಿಸಾಕ ಒಬ್ಬ ಸಾಕು. ಏರಿಸಾಕ ಕ್ರೇನ್ ಬೇಕು" ಎಂದ ಯಮನೂರಪ್ಪ. ಹಾರೆಯನ್ನು ನೆಲಕ್ಕೆ ಇಳಿಸಿ, "ಇಲ್ಲ ಅನ್ನಾಕ ಬಾಯಿ ಬರಲಿಲ್ಲ ಫಕೀರಿ" ಎಂದ.

"ನಂಗೂ ಬರಲಿಲ್ಲ" ಎಂದಳು ಅವಳು. ಗಂಡನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಬಹಳ ಪ್ರಯತ್ನಪಟ್ಟಳು, ಆಗಲಿಲ್ಲ. ಸಿಟ್ಟಾದರೂ ಬಂದಿದ್ದರೆ ಒಂದು ಆಸರೆಯಾಗುತ್ತಿತ್ತು.

ಗುಡ್ಡ ಸಂಜೆಯವರೆಗೆ ತಾಳಿತು. ಹೊತ್ತು ಇಳಿಯುತ್ತಿದ್ದಂತೆ ಗಾಳಿ ಸಣ್ಣಗಾಯಿತು. ಆಮೇಲೆ ಎಳೆಯಾಯಿತು. ಕೆಂಪು ದಾರ ಹಾರುವುದು ನಿಲ್ಲಿಸಿ ತೂಗಿತು, ತೂಗುವುದೂ ನಿಂತು ನೆಟ್ಟಗೆ ಇಳಿಬಿತ್ತು. ಫಕೀರವ್ವ ಬಾಯಿಯೊಳಗೆ ಕೈ ಚಾಚಿ ನೋಡಿದಳು. ಒಳಗಿನ ಕಲ್ಲು ಹೊರಗಿನ ಕಲ್ಲಿನಷ್ಟೇ ಬೆಚ್ಚಗಿತ್ತು. ಅವಳವ್ವ, ಅವಳವ್ವನ ಅವ್ವ, ಅದಕ್ಕೂ ಹಿಂದಿನವರು ಏಳೇಳು ಕಲ್ಲಿಟ್ಟು ಕಾಪಾಡಿಕೊಂಡು ಬಂದದ್ದು, ಅವಳ ಕೈಯಲ್ಲಿ ಮುಗಿಯಿತು.

ಜನಕ್ಕೆ ಇದು ತಿಳಿಯಲಿಲ್ಲ. ಸಂಜೆಯಾಯಿತು, ಬಿಸಿಲು ಇಳಿಯಿತು, ಮನೆಗೆ ಹೊರಟರು ಅಷ್ಟೇ. ಒಬ್ಬೊಬ್ಬರೂ ತಮ್ಮ ಕಲ್ಲು ತಾವು ತೆಗೆದು ಪಕ್ಕಕ್ಕಿಟ್ಟರು. ನಾಳೆ ಮತ್ತೆ ಪಾಳಿ ಸಿಗಲಿ ಎಂದು ಗುಡ್ಡಕ್ಕೆ ಕೈಮುಗಿದರು. ಖಾಜಾನ ಹೆಂಡತಿ ಫಕೀರವ್ವನ ಕೈ ಹಿಡಿದು, "ನೀವು ಇಲ್ದಿದ್ರ ಇವತ್ತು ನಾನು ಉಳೀತಿರ್ಲಿಲ್ಲ ಅಕ್ಕಾರ" ಎಂದಳು. ಸುಳ್ಳಲ್ಲ. ಅವತ್ತು ಅಲ್ಲಿಗೆ ಬಂದವರಲ್ಲಿ ಒಬ್ಬರೂ ಸಾಯಲಿಲ್ಲ. ಬೇಸಿಗೆ ಮಾತ್ರ ಇನ್ನೂ ಎರಡು ತಿಂಗಳು ಉಳಿದಿತ್ತು.

ಫಕೀರವ್ವನ ಫೋನು ಗುಂಯ್ಗುಟ್ಟಿತು. ಬಾಯಿಯ ಬಳಿಯ ಯಂತ್ರ ಗಾಳಿ ನಿಂತಿದ್ದನ್ನು ಕೇಂದ್ರಕ್ಕೆ ತಿಳಿಸಿತ್ತು. ಪಾಳಿ ಕೇಳುತ್ತಿತ್ತು: ಅಳೆಯುವ ಯಂತ್ರ ಕೆಟ್ಟಿದೆಯೇ, ಜಾಗ ಮುಚ್ಚಿದೆಯೇ? ಸ್ಥಳದಲ್ಲಿರುವ ಎಂಜಿನಿಯರ್ ಖಚಿತಪಡಿಸಬೇಕು.

ಒತ್ತಬೇಕಾದದ್ದು ಒಂದೇ ಗುಂಡಿ. ಮುಚ್ಚಿದೆ ಎಂದು ಒತ್ತಿದರೆ ಕರೇಕಲ್ದಿನ್ನಿಯ ಪಾಲಿನ ಜನ ನಾಳೆ ಬೆಳಗಿನಿಂದಲೇ ಪಕ್ಕದ ಗುಡ್ಡಗಳಿಗೆ ಹಂಚಿಹೋಗುತ್ತಾರೆ. ಬಿಳಿಕಲ್ಲುಗುಡ್ಡಕ್ಕೆ ಐದೇ ಕಲ್ಲು, ಕೋತಿಬಂಡೆಗೆ ನಾಲ್ಕು. ಇವತ್ತಿನ ಬಿಸಿಲಿಗೆ ಅವು ಆಗಲೇ ಅರ್ಧ ಸತ್ತಿವೆ. ಅಲ್ಲಿ ಯಾರೂ ಕಲ್ಲು ಎತ್ತಿಡುವುದಿಲ್ಲ ಎಂದು ಹೇಳುವವರು ಯಾರು? ಅಲ್ಲಿಯೂ ಒಬ್ಬ ಯಮನೂರಪ್ಪ ಇರುತ್ತಾನೆ. ಅಲ್ಲಿಯೂ ಒಬ್ಬ ಬಸುರಿ ಬಿಸಿಲಲ್ಲಿ ನಿಂತಿರುತ್ತಾಳೆ. ಒಂದು ವಾರಕ್ಕೆ ಮೂರೂ ಜಿಲ್ಲೆಯ ದಾರಗಳು ಒಂದೊಂದಾಗಿ ಇಳಿಬೀಳುತ್ತವೆ. ಯಂತ್ರ ಕೆಟ್ಟಿದೆ, ಜಾಗ ಮುಚ್ಚಿಲ್ಲ ಎಂದರೆ ಜನ ಇಲ್ಲಿಗೇ ಬರುತ್ತಾರೆ, ಸತ್ತ ಗುಡ್ಡದ ಬಾಯಲ್ಲಿ ಕೂತು ಬೇಯುತ್ತಾರೆ, ಉಳಿದ ಗುಡ್ಡಗಳು ನಾಲ್ಕು ದಿನ ಹೆಚ್ಚು ಬದುಕುತ್ತವೆ.

ಯಾರನ್ನು ಬೇಯಿಸಲಿ? ಇದನ್ನು ಕೇಳುವ ಕೆಲಸಕ್ಕೆ ತನ್ನನ್ನು ಸರ್ಕಾರ ಇಟ್ಟುಕೊಂಡದ್ದು ಎಂದು ಅವಳಿಗೆ ಅವತ್ತೇ ಮೊದಲ ಸಲ ಹೊಳೆದದ್ದು. ಯಂತ್ರ ಕೆಟ್ಟಿದೆ ಎಂದು ಒತ್ತಿ, ಫೋನನ್ನು ಕೈಚೀಲಕ್ಕೆ ಹಾಕಿದಳು.

ಅರೆಕ್ಷಣವೂ ಕಳೆದಿರಲಿಲ್ಲ, ಯಮನೂರಪ್ಪನ ಜೇಬಿನಲ್ಲಿದ್ದ ಫೋನು ಟಿಂಗೆಂದಿತು. ಹುಲಿಗಿ ಅದನ್ನು ಎಳೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದಳು:

"ಹುಲಿಗೆಮ್ಮ, ನಿಮ್ಮ ಪಾಳಿ ಬಂದಿದೆ. ಜಾಗ, ಕರೇಕಲ್ದಿನ್ನಿ. ಕಲ್ಲುಗಳು ಖಾಲಿ ಇವೆ, ಬನ್ನಿ." ಓದಿ ಮುಗಿಸಿ ಕುಣಿದಳು. "ಯವ್ವಾ, ಯಪ್ಪಾ, ನಮ್ ಪಾಳಿ ಬಂತು! ಇನ್ನ ಎತ್ತಿಟ್ಟ ಕಲ್ಲು ಬ್ಯಾಡ, ನಂದ ಖರೇ ಪಾಳಿ!"

ಮಗು ಪಕ್ಕಕ್ಕಿಟ್ಟಿದ್ದ ತನ್ನ ಬಿಳಿ ಕಲ್ಲನ್ನು ತಂದು, ಸಾಲು ಶುರುವಾಗುವ ಜಾಗದಲ್ಲಿ, ಎಲ್ಲರಿಗಿಂತ ಮೊದಲನೆಯದಾಗಿ ಇಟ್ಟಿತು. ಒಳಗೆ ಹೋಗಿ ಕೂತಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು:

"ಯವ್ವಾ, ಗಾಳಿ ಯಾಕ ಬರವಲ್ದು?"

ಫಕೀರವ್ವ ಬಾಯಿ ತೆರೆದಳು. ಅಷ್ಟರಲ್ಲಿ ಗುಡ್ಡದ ಹಾದಿಯಲ್ಲಿ, ಮಧ್ಯಾಹ್ನವೇ ಪಾಳಿ ಕಂಡು ದೂರದಿಂದ ಹೊರಟವರು ಯಾರೋ ಏರಿ ಬರುತ್ತಿದ್ದರು. ನಡುವಯಸ್ಸಿನ ಹೆಂಗಸು, ಬೆನ್ನ ಮೇಲೆ ಸೀರೆಯಿಂದ ಕಟ್ಟಿ ಹೊತ್ತ ಮುದಿ ತಂದೆ. ಮುದುಕನ ತುಟಿ ಒಡೆದಿದ್ದವು. ಹೆಂಗಸಿನ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಹಾದಿಯಲ್ಲೇ ಆರಿಸಿಕೊಂಡ ಎರಡು ಕಲ್ಲು. ಅವಳ ಹಿಂದೆ, ಕೆಳಗೆ ದೂರದವರೆಗೆ, ಇನ್ನೂ ಜನ ಬರುತ್ತಿದ್ದರು.

"ಇಲ್ಲೇ ಏನ್ರವ್ವಾ, ತಂಪಿರೂದು?" ಎಂದು ಏದುಸಿರಿನಲ್ಲಿ ಕೇಳಿದಳು ಹೆಂಗಸು.

ಯಮನೂರಪ್ಪ ಹೆಂಡತಿಯ ಮುಖ ನೋಡಿದ. ಫಕೀರವ್ವ ಇಳಿಬಿದ್ದ ದಾರವನ್ನು ಸೆರಗಿನ ಮರೆಯಾಗಿಸಿ ನಿಂತಳು.

"ಇಲ್ಲೇ" ಎಂದಳು. "ಬರ್ರಿ, ಒಳಗ ಬರ್ರಿ."